ಟೂತ್‌ಪೇಸ್ಟ್, ಕೊಬ್ಬರಿ ಎಣ್ಣೆ, ಕೋಲಾ: ಕಾರಿನ ಕ್ರೋಮ್ ಮತ್ತು ಕಪ್ಪು ಪ್ಲಾಸ್ಟಿಕ್‌ಗೆ ‘ಮನೆಮದ್ದು’ ನಿಜಕ್ಕೂ ಕೆಲಸ ಮಾಡುತ್ತದೆಯೇ?

ಹಳೆಯ ಕಾರಿನ ಮಂಕಾದ ಬಂಪರ್ ಮೇಲೆ ಯಾರೋ ಕೊಬ್ಬರಿ ಎಣ್ಣೆ ಸವರುತ್ತಾರೆ, ಎರಡೇ ಸೆಕೆಂಡಿನಲ್ಲಿ ಅದು ಕಡುಗಪ್ಪಾಗಿ ಮಿಂಚುತ್ತದೆ. ಇನ್ನೊಬ್ಬರು ಗ್ರಿಲ್ ಮೇಲೆ ಕೋಲಾ ಸುರಿದು ಉಜ್ಜುತ್ತಾರೆ. ಮತ್ತೊಬ್ಬರು ಟಾಯ್ಲೆಟ್ ಕ್ಲೀನರ್ ಹಾಕಿ ‘ಹತ್ತು ರೂಪಾಯಿಯಲ್ಲಿ ಶೋರೂಮ್ ಹೊಳಪು’ ಎನ್ನುತ್ತಾರೆ. ಇಂತಹ ವಿಡಿಯೊಗಳು ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರುತ್ತವೆ. ವಿಡಿಯೊದಲ್ಲಿ ಕಾಣುವ ಹೊಳಪು ಸುಳ್ಳಲ್ಲ. ಆದರೆ ಮೂರು ವಾರ ಕಳೆದ ಮೇಲೆ ಅದೇ ಕಾರು ಹೇಗಿದೆ ಎಂದು ತೋರಿಸುವ ವಿಡಿಯೊ ಯಾರೂ ಮಾಡುವುದಿಲ್ಲ.

ಕಾರಿನ ಹೊರಗಿನ ಅಲಂಕಾರದ ಭಾಗಗಳು, ಅಂದರೆ ಕ್ರೋಮ್ ಗ್ರಿಲ್, ಬಾಗಿಲ ಹಿಡಿಕೆ, ಕಿಟಕಿಯ ಕೆಳಗಿನ ಪಟ್ಟಿ, ಸೈಡ್ ಬೀಡಿಂಗ್, ಕಪ್ಪು ಕ್ಲ್ಯಾಡಿಂಗ್, ರೂಫ್ ರೇಲ್, ಸ್ಟಿಕ್ಕರ್ ಇವೆಲ್ಲ ಯಾಕೆ ಕೆಡುತ್ತವೆ? ಯಾವ ಉಪಾಯ ಸರಿ, ಯಾವುದು ಹಾಳು? ಅಂಗಡಿಯಲ್ಲಿ ಕೊಂಡು ಅಂಟಿಸುವ ಅಲಂಕಾರದಿಂದ ಪ್ರಾಣಕ್ಕೇ ಅಪಾಯ ಬರಬಹುದೇ? ಒಂದೊಂದಾಗಿ ನೋಡೋಣ.

ಒಂದೇ ನೋಟದಲ್ಲಿ

• ಇಂದಿನ ಕಾರುಗಳಲ್ಲಿ ‘ಕ್ರೋಮ್’ ಎಂದು ಕಾಣುವುದು ಬಹುಪಾಲು ಪ್ಲಾಸ್ಟಿಕ್. ಅದಕ್ಕೆ ತುಕ್ಕು ತೆಗೆಯುವ ಔಷಧ ಬೇಕಿಲ್ಲ.
• ಎಣ್ಣೆ ಸವರಿದರೆ ಕಪ್ಪು ಪ್ಲಾಸ್ಟಿಕ್ ರಿಪೇರಿಯಾಗುವುದಿಲ್ಲ. ಬಿರುಕು ಕೆಲವು ದಿನ ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ.
• ಟಾಯ್ಲೆಟ್ ಕ್ಲೀನರ್, ಪೆಟ್ರೋಲ್, ಡೀಸೆಲ್, ಸ್ಟೀಲ್ ನಾರು: ಈ ನಾಲ್ಕನ್ನೂ ದೂರವಿಡಿ.
• ಹೆಚ್ಚು ಬಾಳಿಕೆ ಕೊಡುವುದು ನೆರಳು, ಶುದ್ಧ ನೀರು ಮತ್ತು ಒದ್ದೆ ಬಟ್ಟೆ.
• ಬುಲ್ ಗಾರ್ಡ್ ಮತ್ತು ಸೆನ್ಸರ್ ಮುಚ್ಚುವ ಗಾರ್ನಿಶ್ ಬರೀ ಅಂದದ ವಿಷಯವಲ್ಲ, ಸುರಕ್ಷತೆಯ ವಿಷಯ.

ಹೊಳೆಯುವುದೆಲ್ಲ ಲೋಹವಲ್ಲ

ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವ ಹಾಗೆ, ಕಾರಿನ ಮೇಲೆ ಹೊಳೆಯುವುದೆಲ್ಲ ಲೋಹವಲ್ಲ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾಲದಲ್ಲಿ ಬಂಪರ್ ಎಂದರೆ ಉಕ್ಕು, ಅದರ ಮೇಲೆ ಕ್ರೋಮ್ ಲೇಪನ. ಮೇಲಿನ ಪದರದಲ್ಲಿ ತೂತು ಬಿದ್ದರೆ ಒಳಗಿನ ಉಕ್ಕು ಕೆಂಪಗೆ ತುಕ್ಕು ಹಿಡಿಯುತ್ತಿತ್ತು. ಇವತ್ತಿನ ಗ್ರಿಲ್, ಲೋಗೊ, ಹಿಡಿಕೆಗಳು ಸಾಮಾನ್ಯವಾಗಿ ಎಬಿಎಸ್ ಎಂಬ ಪ್ಲಾಸ್ಟಿಕ್‌ನಿಂದ ಆದವು (ಬ್ರೇಕಿನ ಎಬಿಎಸ್‌ಗೂ ಇದಕ್ಕೂ ಸಂಬಂಧವಿಲ್ಲ). ಆ ಪ್ಲಾಸ್ಟಿಕ್‌ನ ಮೇಲೆ ಮೊದಲು ತಾಮ್ರ, ಅದರ ಮೇಲೆ ನಿಕ್ಕಲ್, ಕೊನೆಗೆ ಕ್ರೋಮಿಯಂ ಪದರ ಕೂರಿಸಿರುತ್ತಾರೆ.

ಕಾರಿನ ಹೊರಗೆ ಸಿಗುವ ಅಲಂಕಾರದ ವಸ್ತುಗಳನ್ನು ಸ್ಥೂಲವಾಗಿ ಹೀಗೆ ವಿಂಗಡಿಸಬಹುದು:

• ಕ್ರೋಮ್ ಲೇಪಿಸಿದ ಪ್ಲಾಸ್ಟಿಕ್: ಕಂಪನಿಯಿಂದಲೇ ಬರುವ ಗ್ರಿಲ್, ಲೋಗೊ, ಹಿಡಿಕೆ.
• ಕ್ರೋಮ್ ಹೋಲುವ ಪ್ಲಾಸ್ಟಿಕ್: ಅಗ್ಗದ ಸ್ಟಿಕ್-ಆನ್ ಗಾರ್ನಿಶ್. ಇದರಲ್ಲಿ ಅನೇಕ ಸಲ ಕ್ರೋಮಿಯಂ ಇರುವುದೇ ಇಲ್ಲ. ಬಹಳ ತೆಳುವಾದ ಅಲ್ಯುಮಿನಿಯಂ ಪದರ, ಅದರ ಮೇಲೆ ವಾರ್ನಿಶ್ ಇರುತ್ತದೆ.
• ಸ್ಟೇನ್‌ಲೆಸ್ ಸ್ಟೀಲ್: ಕೆಲವು ಕಾರುಗಳ ಕಿಟಕಿ ಪಟ್ಟಿ, ಬಾಗಿಲ ಕೆಳಗಿನ ಪಟ್ಟಿ.
• ಆನೊಡೈಸ್ ಮಾಡಿದ ಅಲ್ಯುಮಿನಿಯಂ: ಕೆಲವು ಕಾರುಗಳ ಬೆಳ್ಳಿ ಬಣ್ಣದ ರೂಫ್ ರೇಲ್, ಕಿಟಕಿ ಪಟ್ಟಿ.
• ಬಣ್ಣ ಬಳಿಯದ ಕಪ್ಪು ಪ್ಲಾಸ್ಟಿಕ್: ಚಕ್ರದ ಮೇಲಿನ ಕಮಾನು, ಬಂಪರ್‌ನ ಕೆಳಭಾಗ, ಕ್ಲ್ಯಾಡಿಂಗ್.

ಯಾವುದು ಯಾವುದೆಂದು ತಿಳಿಯಲು ಸರಳ ಉಪಾಯವಿದೆ. ಸಣ್ಣ ಆಯಸ್ಕಾಂತವನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಹಿಡಿಯಿರಿ. ಗಟ್ಟಿಯಾಗಿ ಕಚ್ಚಿಕೊಂಡರೆ ಒಳಗೆ ಉಕ್ಕಿದೆ. ಕಚ್ಚದಿದ್ದರೆ ಉಗುರಿನಿಂದ ತಟ್ಟಿ ನೋಡಿ: ಪ್ಲಾಸ್ಟಿಕ್‌ನ ಸದ್ದು ಟೊಳ್ಳಾಗಿ, ಮಂದವಾಗಿ ಬರುತ್ತದೆ. ಇದು ಗೊತ್ತಾಗದೆ ಯಾವ ‘ಔಷಧ’ವನ್ನೂ ಹಚ್ಚಬೇಡಿ. ಉಕ್ಕಿಗೆ ಒಗ್ಗುವುದು ಅಲ್ಯುಮಿನಿಯಂಗೆ ವಿಷವಾಗಬಹುದು.

ಕ್ರೋಮ್ ಮೇಲೆ ಚುಕ್ಕೆ, ಗುಳ್ಳೆ ಏಕೆ?

ಅಲಂಕಾರದ ಕ್ರೋಮಿಯಂ ಪದರದ ದಪ್ಪ ಸಾಮಾನ್ಯವಾಗಿ ಅರ್ಧ ಮೈಕ್ರಾನ್‌ಗಿಂತ ಕಡಿಮೆ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಎಂದಿಟ್ಟುಕೊಂಡರೆ, ಒಂದು ಕೂದಲಿನ ದಪ್ಪಕ್ಕೆ ಇಂತಹ 140ಕ್ಕೂ ಹೆಚ್ಚು ಪದರ ಬೇಕು. ನೀಲಿ ಛಾಯೆಯ ಕನ್ನಡಿಯಂತಹ ಹೊಳಪು ಇಷ್ಟು ತೆಳುವಾದ ಪದರದ್ದು. ಅದಕ್ಕೆ ಬಲ ಕೊಡುವುದು ಕೆಳಗಿರುವ ನಿಕ್ಕಲ್ ಮತ್ತು ತಾಮ್ರ.

ಕ್ರೋಮಿಯಂ ಗಾಳಿಗೆ ತೆರೆದುಕೊಂಡ ಕೂಡಲೇ ತನ್ನ ಮೇಲೆ ಕಣ್ಣಿಗೆ ಕಾಣದ ಆಕ್ಸೈಡ್ ಪೊರೆ ಕಟ್ಟಿಕೊಳ್ಳುತ್ತದೆ. ಆ ಪೊರೆಯೇ ರಕ್ಷಾಕವಚ. ಆದರೆ ಉಪ್ಪಿನಲ್ಲಿರುವ ಕ್ಲೋರೈಡ್ ಈ ಪದರದ ಸೂಕ್ಷ್ಮ ರಂಧ್ರಗಳ ಮೂಲಕ ಕೆಳಗಿಳಿದು ನಿಕ್ಕಲ್ಲನ್ನು ತಿನ್ನುತ್ತದೆ. ಇನ್ನೂ ಆಳಕ್ಕೆ ಇಳಿದರೆ ತಾಮ್ರ ಸಿಗುತ್ತದೆ. ಆಗ ಹಸಿರು ಕಲೆ ಕಾಣುತ್ತದೆ. ದೇವರ ಮನೆಯ ತಾಮ್ರದ ಚೊಂಬಿಗೆ ಹಿಡಿಯುವ ಕಿಲುಬಿನ ಜಾತಿಯದೇ ಇದು. ಪ್ಲಾಸ್ಟಿಕ್ ಕ್ರೋಮ್‌ನಲ್ಲಿ ಕಬ್ಬಿಣವೇ ಇಲ್ಲದ ಕಾರಣ ಅದಕ್ಕೆ ತುಕ್ಕು ಹಿಡಿಯುವ ಪ್ರಶ್ನೆಯೇ ಇಲ್ಲ. ಕಂದು ಚುಕ್ಕೆ ಕಂಡರೆ ಅದು ಹೊರಗಿನಿಂದ ಬಂದು ಕೂತ ಕಬ್ಬಿಣದ ಪುಡಿ, ಕೊಳೆ ಅಥವಾ ಹತ್ತಿರದ ಸ್ಕ್ರೂನಿಂದ ಇಳಿದ ಕಲೆಯಾಗಿರುವ ಸಾಧ್ಯತೆ ಹೆಚ್ಚು.

ಗುಳ್ಳೆಯ ಕಥೆ ಬೇರೆ. ಪ್ಲಾಸ್ಟಿಕ್‌ಗೆ ವಿದ್ಯುತ್ ಲೇಪನ ಹಿಡಿಯಬೇಕಾದರೆ ಮೊದಲು ರಾಸಾಯನಿಕದಲ್ಲಿ ಅದ್ದಿ ಮೇಲ್ಮೈಯಲ್ಲಿ ಸೂಕ್ಷ್ಮ ಕುಳಿಗಳನ್ನು ಮಾಡುತ್ತಾರೆ. ಲೋಹ ಆ ಕುಳಿಗಳಲ್ಲಿ ಬೇರಿನಂತೆ ಹಿಡಿದುಕೊಳ್ಳುತ್ತದೆ. ಆದರೆ ಬಿಸಿಲಿಗೆ ಎಬಿಎಸ್ ಹಿಗ್ಗುವಷ್ಟು ಲೋಹ ಹಿಗ್ಗುವುದಿಲ್ಲ. ಒಂದು ಮೀಟರ್ ಉದ್ದದ ಪಟ್ಟಿ ಬೆಳಗಿನ 20 ಡಿಗ್ರಿಯಿಂದ ಮಧ್ಯಾಹ್ನದ ಬಿಸಿಲಲ್ಲಿ 60 ಡಿಗ್ರಿಗೆ ಏರಿತು ಎನ್ನಿ. ಬರೀ ಎಬಿಎಸ್ ಆಗಿದ್ದರೆ ಅದು ಸುಮಾರು 3 ಮಿಲಿಮೀಟರ್ ಹಿಗ್ಗುತ್ತದೆ, ಬರೀ ನಿಕ್ಕಲ್ ಆಗಿದ್ದರೆ ಸುಮಾರು ಅರ್ಧ ಮಿಲಿಮೀಟರ್. ಎರಡನ್ನೂ ಒಂದಕ್ಕೊಂದು ಅಂಟಿಸಿದಾಗ ನಡುವೆ ಪ್ರತಿದಿನ ಎಳೆದಾಟ ನಡೆಯುತ್ತಲೇ ಇರುತ್ತದೆ. ಲೇಪನ ದುರ್ಬಲವಾಗಿದ್ದ ಕಡೆ ಅದು ಮೇಲೆದ್ದು ಗುಳ್ಳೆಯಾಗುತ್ತದೆ, ಕೊನೆಗೆ ಬ್ಲೇಡಿನಷ್ಟು ಚೂಪಾದ ಸಿಪ್ಪೆಯಾಗಿ ಏಳುತ್ತದೆ. ಅದನ್ನು ಬರಿಗೈಯಲ್ಲಿ ಕೀಳಲು ಹೋಗಬೇಡಿ, ಬೆರಳು ಕುಯ್ಯುತ್ತದೆ. ಗುಳ್ಳೆ ಎದ್ದ ಲೇಪನವನ್ನು ಯಾವ ಪಾಲಿಶ್ ಕೂಡ ಮತ್ತೆ ಕೂರಿಸಲಾರದು.

ಕಂಪನಿಗಳು ಇದನ್ನು ಮೊದಲೇ ಪರೀಕ್ಷಿಸುತ್ತವೆ. ಐಎಸ್‌ಒ 9227 ಎಂಬ ಮಾನದಂಡದಂತೆ ಭಾಗವನ್ನು ಕೋಣೆಯೊಳಗಿಟ್ಟು 35 ಡಿಗ್ರಿಯಲ್ಲಿ ಶೇ 5ರ ಉಪ್ಪುನೀರಿನ ಮಂಜು ಸಿಂಪಡಿಸುತ್ತಾರೆ. ಇನ್ನೂ ಕಠಿಣವಾದ ವಿಧಾನದಲ್ಲಿ ಆಮ್ಲ ಮತ್ತು ತಾಮ್ರದ ಲವಣ ಬೆರೆಸಿ 50 ಡಿಗ್ರಿಯಲ್ಲಿ ಸಿಂಪಡಿಸುತ್ತಾರೆ. ರಷ್ಯಾದಲ್ಲಿ ಚಳಿಗಾಲದ ರಸ್ತೆಗಳಿಗೆ ಹಾಕುವ ಕ್ಯಾಲ್ಸಿಯಂ ಕ್ಲೋರೈಡ್ ಕ್ರೋಮಿಯಂ ಪದರವನ್ನೇ ತಿಂದುಹಾಕುವುದು ಗೊತ್ತಾದ ಮೇಲೆ ಕೆಲವು ಕಾರು ಕಂಪನಿಗಳು ಅದಕ್ಕೆಂದೇ ‘ರಷ್ಯನ್ ಕೆಸರು’ ಪರೀಕ್ಷೆಯನ್ನು ತಂದವು. ಅಂಗಡಿಯಲ್ಲಿ ಸಿಗುವ ಹೆಸರಿಲ್ಲದ ಗಾರ್ನಿಶ್ ಇಂತಹ ಪರೀಕ್ಷೆ ದಾಟಿದೆಯೇ ಎಂದು ಪೊಟ್ಟಣ ನೋಡಿ ಹೇಳಲು ಆಗುವುದಿಲ್ಲ. ನೋಡಲು ಎರಡೂ ಒಂದೇ, ಬಾಳಿಕೆ ಮಾತ್ರ ಬೇರೆ.

ಕಪ್ಪು ಪ್ಲಾಸ್ಟಿಕ್ ಬೂದಿಯಾಗುವುದು ಏಕೆ?

‘ಪ್ಲಾಸ್ಟಿಕ್‌ನ ಒಳಗಿನ ಎಣ್ಣೆ ಆರಿಹೋಗಿದೆ, ಎಣ್ಣೆ ಕುಡಿಸಿದರೆ ಸರಿಹೋಗುತ್ತದೆ’ ಎಂಬ ವಿವರಣೆ ತುಂಬಾ ಜನಪ್ರಿಯ. ಇದು ಸರಿಯಲ್ಲ.

ಕ್ಲ್ಯಾಡಿಂಗ್ ಮತ್ತು ಬಂಪರ್‌ಗಳು ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ಗೆ ಸ್ವಲ್ಪ ರಬ್ಬರ್, ಟಾಲ್ಕ್ ಪುಡಿ ಮತ್ತು ಕಾರ್ಬನ್ ಕಪ್ಪು ಬೆರೆಸಿ ಮಾಡಿದವು. ಬಿಸಿಲಿನ ಅತಿನೇರಳೆ ಕಿರಣ ಮತ್ತು ಗಾಳಿಯ ಆಮ್ಲಜನಕ ಸೇರಿ ಈ ಪ್ಲಾಸ್ಟಿಕ್‌ನ ಉದ್ದನೆಯ ಅಣುಸರಪಳಿಗಳನ್ನು ತುಂಡರಿಸುತ್ತವೆ. ಇದನ್ನು ತಡೆಯಲೆಂದೇ ಕಾರ್ಖಾನೆಯಲ್ಲಿ ರಕ್ಷಕ ರಾಸಾಯನಿಕ ಸೇರಿಸಿರುತ್ತಾರೆ, ಕಾರ್ಬನ್ ಕಪ್ಪು ಕೂಡ ಕಿರಣಗಳನ್ನು ಹೀರಿಕೊಳ್ಳುತ್ತದೆ. ವರ್ಷಗಳು ಕಳೆದಂತೆ ಮೇಲ್ಮೈಯಲ್ಲಿ ಆ ರಕ್ಷಣೆ ಖಾಲಿಯಾಗುತ್ತದೆ. ಆಗ ಮೇಲಿನ ತೆಳು ಪದರ ಸೂಕ್ಷ್ಮವಾಗಿ ಬಿರುಕು ಬಿಟ್ಟು ಸುಣ್ಣದ ಪುಡಿಯಂತಾಗುತ್ತದೆ. ಬೆಳಕು ಆ ಬಿರುಕುಗಳಲ್ಲಿ ಚದುರಿ ನಮ್ಮ ಕಣ್ಣಿಗೆ ಬೂದು ಬಣ್ಣ ಕಾಣುತ್ತದೆ. ಒಳಗಿನ ಪ್ಲಾಸ್ಟಿಕ್ ಇನ್ನೂ ಕಪ್ಪಾಗಿಯೇ ಇರುತ್ತದೆ.

ಎಣ್ಣೆ ಹಚ್ಚಿದಾಗ ಆಗುವುದು ಇಷ್ಟೆ: ಎಣ್ಣೆ ಬಿರುಕುಗಳಲ್ಲಿ ತುಂಬಿಕೊಂಡು ಬೆಳಕು ಚದುರುವುದನ್ನು ನಿಲ್ಲಿಸುತ್ತದೆ. ಮಂಕಾದ ಕಡಪ ಕಲ್ಲಿನ ಮೇಲೆ ನೀರು ಚೆಲ್ಲಿದರೆ ಅದು ಕಪ್ಪಗೆ ಮಿಂಚುತ್ತದಲ್ಲ, ಅದೇ ತತ್ವ. ನೀರು ಆರಿದ ಮೇಲೆ ಕಲ್ಲು ಮತ್ತೆ ಮಂಕು. ಹಾಗೆಯೇ ಎಣ್ಣೆ ಮಳೆಗೆ ತೊಳೆದುಹೋದ ಮೇಲೆ ಬಂಪರ್ ಮತ್ತೆ ಬೂದಿ. ನಡುವಿನ ದಿನಗಳಲ್ಲಿ ಅದು ರಸ್ತೆಯ ಧೂಳನ್ನೆಲ್ಲ ಅಂಟಿಸಿಕೊಂಡು ಕೂರುತ್ತದೆ.

ಫಾರ್ವರ್ಡ್‌ನಲ್ಲಿ ಬರುವ ಉಪಾಯಗಳು: ಯಾವುದು ಎಷ್ಟು ನಿಜ?

1. ಕೊಬ್ಬರಿ ಎಣ್ಣೆ, ಅಡುಗೆ ಎಣ್ಣೆ: ತಾತ್ಕಾಲಿಕ. ದೊಡ್ಡ ಹಾನಿಯಿಲ್ಲ, ಲಾಭವೂ ಇಲ್ಲ. ಕೆಲವು ದಿನಗಳ ಮೇಕಪ್. ಅಡುಗೆ ಎಣ್ಣೆ ಗಾಳಿಯಲ್ಲಿ ಜಿಗುಟಾಗಿ, ಮೇಲೆ ಧೂಳು ಕೂತರೆ ತೆಗೆಯುವುದೇ ದೊಡ್ಡ ಕೆಲಸ.

2. ಡೀಸೆಲ್, ಸೀಮೆಎಣ್ಣೆ, ಪೆಟ್ರೋಲ್: ತಪ್ಪು ಮತ್ತು ಅಪಾಯ. ಗಾಡಿಗೆ ಡೀಸೆಲ್ ಒರೆಸಿ ಹೊಳಪು ತರುವುದು ಹಳೆಯ ಅಭ್ಯಾಸ. ಆದರೆ ಬಾಗಿಲು ಮತ್ತು ಕಿಟಕಿಯ ಸುತ್ತ ಇರುವ ರಬ್ಬರ್ ಬೀಡಿಂಗ್ ಪೆಟ್ರೋಲಿಯಂ ಎಣ್ಣೆ ತಾಗಿದರೆ ಉಬ್ಬಿ ಸಡಿಲವಾಗುತ್ತದೆ. ಆಮೇಲೆ ಮಳೆಗಾಲದಲ್ಲಿ ನೀರು ಒಳಗೆ. ಪೆಟ್ರೋಲ್‌ನ ಆವಿಗೆ ಒಂದು ಕಿಡಿ ಸಾಕು. ಮನೆಯ ಪೋರ್ಟಿಕೋದಲ್ಲಿ ಪೆಟ್ರೋಲ್ ಬಟ್ಟೆ ಹಿಡಿದು ಕಾರು ಒರೆಸುವುದು ಬೆಂಕಿಯೊಡನೆ ಆಟ.

3. ಕೋಲಾ ಮತ್ತು ಅಲ್ಯುಮಿನಿಯಂ ಫಾಯಿಲ್: ಅರ್ಧ ಸತ್ಯ. ಹಳೆಯ ಉಕ್ಕಿನ ಬಂಪರ್, ಬೈಕಿನ ಕ್ರೋಮ್ ಮಡ್‌ಗಾರ್ಡ್ ಮೇಲಿನ ತೆಳು ತುಕ್ಕಿಗೆ ಇದು ಸ್ವಲ್ಪ ಕೆಲಸ ಮಾಡುತ್ತದೆ. ಕೋಲಾದಲ್ಲಿರುವ ಫಾಸ್ಫಾರಿಕ್ ಆಮ್ಲ ತುಕ್ಕನ್ನು ಸಡಿಲಿಸುತ್ತದೆ, ಫಾಯಿಲ್ ಕ್ರೋಮಿಯಂಗಿಂತ ಮೆದುವಾದ್ದರಿಂದ ಉಜ್ಜಿದರೂ ಕ್ರೋಮ್‌ಗೆ ಗೀರು ಬೀಳುವುದು ಕಡಿಮೆ. ಆದರೆ ತುಕ್ಕು ಹೊರಬಂದ ರಂಧ್ರ ಹಾಗೆಯೇ ಇರುತ್ತದೆ, ಮೇಣ ಹಚ್ಚದಿದ್ದರೆ ತುಕ್ಕು ಮರಳುತ್ತದೆ. ಪ್ಲಾಸ್ಟಿಕ್ ಕ್ರೋಮ್‌ಗಂತೂ ಇದರಿಂದ ಏನೂ ಪ್ರಯೋಜನವಿಲ್ಲ. ಸಕ್ಕರೆಯ ಅಂಟು ಮಾತ್ರ ಉಳಿಯುತ್ತದೆ.

4. ಟಾಯ್ಲೆಟ್ ಕ್ಲೀನರ್, ಟೈಲ್ಸ್ ಆ್ಯಸಿಡ್: ಖಂಡಿತ ಬೇಡ. ಇವುಗಳಲ್ಲಿ ಸಾಮಾನ್ಯವಾಗಿ ಇರುವುದು ಹೈಡ್ರೋಕ್ಲೋರಿಕ್ ಆಮ್ಲ. ಕ್ರೋಮಿಯಂ ಲೋಹ ಅದರಲ್ಲಿ ಕರಗುತ್ತದೆ. ಕೊಳೆಯ ಜೊತೆಗೆ ಹೊಳಪಿನ ಪದರವೂ ಹೋಗಿ ಹಳದಿ ಛಾಯೆಯ ನಿಕ್ಕಲ್ ಹೊರಗೆ ಕಾಣುತ್ತದೆ, ಆಮೇಲೆ ಅದು ಬೇಗ ಮಂಕಾಗುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ‘ಇನ್ನೂ ಚೆನ್ನಾಗಿ ಹೋಗಲಿ’ ಎಂದು ಇದಕ್ಕೆ ಬ್ಲೀಚ್ ಬೆರೆಸಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಅದು ಶ್ವಾಸಕೋಶವನ್ನು ಸುಡುವ ವಿಷ. ಬೇಸ್‌ಮೆಂಟ್ ಪಾರ್ಕಿಂಗ್‌ನಂತಹ ಗಾಳಿಯಾಡದ ಜಾಗದಲ್ಲಿ ಇದು ಪ್ರಾಣಕ್ಕೇ ಕುತ್ತು.

5. ಪಾತ್ರೆ ತೊಳೆಯುವ ಪುಡಿ, ಸ್ಟೀಲ್ ನಾರು, ಹುಣಸೆಹಣ್ಣು: ಬೇಡ. ಹುಣಸೆಹಣ್ಣಿನ ಹುಳಿ ತಾಮ್ರದ ಚೊಂಬಿಗೆ ಸರಿ, ಯಾಕೆಂದರೆ ಅಲ್ಲಿ ಕಿಲುಬು ಹೊರಗಿದೆ, ಕೆಳಗೆ ದಪ್ಪ ತಾಮ್ರವಿದೆ. ಕ್ರೋಮ್‌ನಲ್ಲಿ ಕಿಲುಬು ಪದರದ ಅಡಿಯಿಂದ ಬಂದದ್ದು. ಪುಡಿ ಮತ್ತು ನಾರು ಹಾಕಿ ಉಜ್ಜಿದರೆ ಗೀರು ಬೀಳುವುದೊಂದೇ ಖಚಿತ.

6. ಹೆಡ್‌ಲೈಟ್‌ಗೆ ಟೂತ್‌ಪೇಸ್ಟ್: ಸ್ವಲ್ಪ ದಿನ ನಿಜ, ಆಮೇಲೆ ನಷ್ಟ. ಹೆಡ್‌ಲೈಟ್‌ನ ಹೊರಕವಚ ಪಾಲಿಕಾರ್ಬೊನೇಟ್. ಅದರ ಮೇಲೆ ಕಾರ್ಖಾನೆಯ ರಕ್ಷಕ ಲೇಪನವಿರುತ್ತದೆ. ಹಳದಿಯಾದದ್ದು ಈ ಲೇಪನ ಮತ್ತು ಅದರಡಿಯ ಮೇಲ್ಮೈ. ಟೂತ್‌ಪೇಸ್ಟ್‌ನ ನುಣುಪು ಪುಡಿ ಅದನ್ನು ಉಜ್ಜಿ ತೆಗೆಯುತ್ತದೆ, ಗಾಜು ತಿಳಿಯಾಗುತ್ತದೆ. ಆದರೆ ಉಳಿದಿದ್ದ ರಕ್ಷಣೆಯೂ ಹೋದದ್ದರಿಂದ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಉಜ್ಜಿದ ಮೇಲೆ ಅತಿನೇರಳೆ ಕಿರಣ ತಡೆಯುವ ಲೇಪನ ಹಾಕಿದರೆ ಮಾತ್ರ ಫಲ ನಿಲ್ಲುತ್ತದೆ. ರಾತ್ರಿ ರಸ್ತೆ ಕಾಣುವ ವಿಷಯವಾದ್ದರಿಂದ ಇದರಲ್ಲಿ ಜಿಪುಣತನ ಬೇಡ.

7. ಕಪ್ಪು ಪ್ಲಾಸ್ಟಿಕ್‌ಗೆ ಹೀಟ್ ಗನ್: ನಿಜ, ಆದರೆ ಒಂದೆರಡು ಸಲ ಮಾತ್ರ. ಬಿಸಿಗಾಳಿ ಮೇಲಿನ ಬಿರುಕುಗಳನ್ನು ಕರಗಿಸಿ ಸೇರಿಸುತ್ತದೆ, ಬಣ್ಣ ಮರಳುತ್ತದೆ. ಆದರೆ ಖಾಲಿಯಾದ ರಕ್ಷಕ ರಾಸಾಯನಿಕ ಮರಳುವುದಿಲ್ಲ, ಹಾಗಾಗಿ ಅದು ಮತ್ತೆ ಬೂದಿಯಾಗುತ್ತದೆ. ಒಂದು ಕ್ಷಣ ಹೆಚ್ಚಾದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ ಅಥವಾ ಪಕ್ಕದ ಬಣ್ಣ ಸುಡುತ್ತದೆ.

8. ‘9ಎಚ್ ಸೆರಾಮಿಕ್ ಹಾಕಿಸಿದರೆ ಗೀರೇ ಬೀಳುವುದಿಲ್ಲ’: ದಾರಿತಪ್ಪಿಸುವ ಮಾತು. 9ಎಚ್ ಎನ್ನುವುದು ಪೆನ್ಸಿಲ್ ಗಡಸುತನದ ಅಳತೆ. ಗಡಸು ಪೆನ್ಸಿಲ್‌ನಿಂದ ಗೀಚಿದರೂ ಗುರುತು ಬೀಳಲಿಲ್ಲ ಎಂದಷ್ಟೇ ಅರ್ಥ. ವಜ್ರಕ್ಕೆ 10 ಅಂಕ ಕೊಡುವ ಮೋಹ್ಸ್ ಅಳತೆ ಬೇರೆಯದೇ. ರಸ್ತೆಯ ಮರಳಿನಲ್ಲಿರುವ ಕ್ವಾರ್ಟ್ಸ್ ಆ ಅಳತೆಯಲ್ಲಿ 7. ಅದು ಪೆನ್ಸಿಲ್‌ಗಿಂತ ಎಷ್ಟೋ ಗಟ್ಟಿ. ಸೆರಾಮಿಕ್ ಲೇಪನದಿಂದ ನೀರು, ಕೊಳೆ ಸುಲಭವಾಗಿ ಜಾರುತ್ತದೆ, ಇದು ನಿಜವಾದ ಉಪಯೋಗ. ‘ಜೀವನಪರ್ಯಂತ’ ಎಂಬ ಮಾತನ್ನು ಮಾತ್ರ ನಂಬಬೇಡಿ.

ನಮ್ಮ ಊರು, ನಮ್ಮ ಹವೆ

ಒಂದೇ ಕಾರು ಮಂಗಳೂರಿನಲ್ಲಿ ಒಂದು ರೀತಿ ಹಳತಾಗುತ್ತದೆ, ಬಳ್ಳಾರಿಯಲ್ಲಿ ಇನ್ನೊಂದು ರೀತಿ.

ಕರಾವಳಿ: ಮಂಗಳೂರು, ಉಡುಪಿ, ಕಾರವಾರದ ಗಾಳಿಯಲ್ಲೇ ಉಪ್ಪಿದೆ. ಕಡಲ ದಂಡೆಯಲ್ಲಿ ನಿಲ್ಲಿಸಿದ ಕಾರಿನ ಮೇಲೆ ಉಪ್ಪಿನ ತೆಳು ಪೊರೆ ಕೂರುತ್ತದೆ. ತೇವಾಂಶ ಹೆಚ್ಚಿರುವುದರಿಂದ ಅದು ಒಣಗುವುದೂ ನಿಧಾನ. ಸ್ಟೇನ್‌ಲೆಸ್ ಪಟ್ಟಿಯ ಮೇಲೂ ಚಹಾ ಬಣ್ಣದ ಕಲೆ ಬರಬಹುದು. ಇಲ್ಲಿ ಪಾಲಿಶ್‌ಗಿಂತ ಮುಖ್ಯವಾದದ್ದು ಆಗಾಗ ಸಿಹಿನೀರಿನಲ್ಲಿ ತೊಳೆಯುವುದು. ಬೀಚ್‌ಗೆ ಹೋಗಿಬಂದ ದಿನವೇ ತೊಳೆದರೆ ಇನ್ನೂ ಒಳ್ಳೆಯದು.

ಬೋರ್‌ವೆಲ್ ನೀರು: ಬೆಂಗಳೂರಿನ ಅನೇಕ ಬಡಾವಣೆಗಳಲ್ಲಿ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕೊಳವೆಬಾವಿಯ ಗಡಸು ನೀರೇ ಗತಿ. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ನೀರು ಆರಿದ ಮೇಲೆ ಬಿಳಿ ಚುಕ್ಕೆಯಾಗಿ ಉಳಿಯುತ್ತವೆ. ಬಿಸಿಲಿನಲ್ಲಿ ತೊಳೆದರಂತೂ ಒರೆಸುವ ಮೊದಲೇ ಆರಿಬಿಡುತ್ತದೆ. ಇದಕ್ಕೆ ಮನೆಮದ್ದು ನಿಜಕ್ಕೂ ಕೆಲಸ ಮಾಡುತ್ತದೆ: ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆಯಲ್ಲಿ ಅದ್ದಿ, ಚುಕ್ಕೆಯ ಮೇಲೆ ಅರ್ಧ ನಿಮಿಷ ಇಟ್ಟು ಒರೆಸಿ, ತಕ್ಷಣ ನೀರಿನಲ್ಲಿ ತೊಳೆಯಿರಿ. ಇದು ಕಂಪನಿಯ ಕ್ರೋಮ್‌ಗೆ ಸರಿ. ಅಲ್ಯುಮಿನಿಯಂ ರೂಫ್ ರೇಲ್‌ಗೆ ಮತ್ತು ಅಗ್ಗದ ಗಾರ್ನಿಶ್‌ಗೆ ಬೇಡ.

ಕೆಂಪು ಧೂಳು: ಸಂಡೂರು, ಹೊಸಪೇಟೆ ಸುತ್ತಿನ ಅದಿರಿನ ಧೂಳಾಗಲಿ, ಬಯಲುಸೀಮೆಯ ಮಣ್ಣಾಗಲಿ ಪ್ಲಾಸ್ಟಿಕ್‌ಗಿಂತ ಬಹಳ ಗಟ್ಟಿ. ಬೆಳಗ್ಗೆ ಒಣ ಬಟ್ಟೆಯಲ್ಲಿ ಪಟಪಟನೆ ಒರೆಸುವುದೆಂದರೆ ಮರಳು ಕಾಗದದಿಂದ ಉಜ್ಜಿದ ಹಾಗೆ. ಅಪಾರ್ಟ್‌ಮೆಂಟ್‌ಗಳಲ್ಲಿ ಒಂದೇ ಬಕೆಟ್, ಒಂದೇ ಬಟ್ಟೆಯಲ್ಲಿ ಹತ್ತಾರು ಕಾರು ಒರೆಸುವಾಗ ಒಂದು ಕಾರಿನ ಮಣ್ಣು ಇನ್ನೊಂದಕ್ಕೆ ಗೀರು ಹಾಕುತ್ತದೆ. ಕಾರು ಒರೆಸುವವರಿಗೆ ಎರಡು ಸ್ವಂತ ಬಟ್ಟೆ ಕೊಟ್ಟು, ಮೊದಲು ನೀರು ಹಾಯಿಸಿ ಎಂದು ಕೇಳಿಕೊಂಡರೆ ಅರ್ಧ ಸಮಸ್ಯೆ ಮುಗಿಯಿತು.

ಆಯುಧ ಪೂಜೆ: ಪೂಜೆ ನಿಲ್ಲಿಸಬೇಕಿಲ್ಲ, ಮಾರನೆಯ ದಿನ ತೊಳೆಯುವುದನ್ನು ಮರೆಯಬಾರದು. ನಿಂಬೆಹಣ್ಣಿನ ರಸ, ಕುಂಬಳಕಾಯಿಗೆ ಹಾಕಿದ ಕುಂಕುಮದ ನೀರು ಸಿಡಿದ ಕಡೆ ಬಿಟ್ಟರೆ ಕಲೆ ಉಳಿಯಬಹುದು. ಅರಿಶಿನದ ಕಲೆ ಸೋಪು ನೀರಿಗೆ ಪೂರ್ತಿ ಹೋಗದಿದ್ದರೂ ಹೆದರಬೇಡಿ, ಅದರ ಬಣ್ಣ ಬಿಸಿಲಿಗೆ ತಾನಾಗಿ ಮಾಸುತ್ತದೆ. ಬಾಳೆಕಂದು ಕಟ್ಟಲು ತಂತಿಯ ಬದಲು ಹತ್ತಿ ದಾರ ಬಳಸಿ. ಗ್ರಿಲ್ ಮೇಲೆ ಕಬ್ಬಿಣದ ತಂತಿ ಉಜ್ಜಿದ ಗೀರು ಹಬ್ಬದ ನಂತರವೂ ಉಳಿಯುತ್ತದೆ.

ಅಂಗಡಿಯ ಅಲಂಕಾರ: ಅಂದಕ್ಕಿಂತ ಹೆಚ್ಚಿನದು ಪಣಕ್ಕಿದೆ

ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರದ ಆಕ್ಸೆಸರಿ ಅಂಗಡಿಯವರೆಗೆ ಎಲ್ಲೆಡೆ ಗಾರ್ನಿಶ್, ವೈಸರ್, ಬೀಡಿಂಗ್ ಸಿಗುತ್ತವೆ. ಕೊಳ್ಳುವ ಮೊದಲು ನಾಲ್ಕು ವಿಷಯ ಗಮನಿಸಿ.

ಬುಲ್ ಗಾರ್ಡ್: ಮುಂದೆ ಹಾಕುವ ಕ್ರೋಮ್ ಬುಲ್ ಗಾರ್ಡ್ ‘ಕಾರಿಗೆ ರಕ್ಷಣೆ’ ಎಂಬುದು ತಪ್ಪು ತಿಳಿವಳಿಕೆ. ಕಾರಿನ ಮುಂಭಾಗ ಡಿಕ್ಕಿಯಾದಾಗ ನಜ್ಜುಗುಜ್ಜಾಗಿ ಆಘಾತವನ್ನು ಹೀರಿಕೊಳ್ಳುವಂತೆ ಮಾಡಿರುತ್ತಾರೆ. ಗಟ್ಟಿ ಕಬ್ಬಿಣದ ಗಾರ್ಡ್ ಆ ಆಘಾತವನ್ನು ನೇರ ಚಾಸಿಗೆ ದಾಟಿಸುತ್ತದೆ. ಏರ್‌ಬ್ಯಾಗ್‌ನ ಸೆನ್ಸರ್‌ಗೆ ತಲುಪುವ ಸಂಕೇತವೂ ಬದಲಾಗಿ ಅದು ಸರಿಯಾದ ಕ್ಷಣದಲ್ಲಿ ಬಿಚ್ಚಿಕೊಳ್ಳದಿರಬಹುದು. ರಸ್ತೆಯಲ್ಲಿ ನಡೆದು ಹೋಗುವವರಿಗೆ ತಾಗಿದರೆ ಪೆಟ್ಟು ಇನ್ನೂ ಜೋರು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲಿಯೇ ಇವುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಪತ್ರ ಬರೆದಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮೂಲ ರಚನೆಯನ್ನು ಬದಲಿಸುವುದನ್ನು ನಿರ್ಬಂಧಿಸುತ್ತದೆ.

ಲೋಗೊ ಮತ್ತು ಸೆನ್ಸರ್: ತಾನಾಗಿ ಬ್ರೇಕ್ ಹಾಕುವ, ಮುಂದಿನ ವಾಹನದಿಂದ ಅಂತರ ಕಾಯುವ ಸೌಲಭ್ಯವಿರುವ ಕೆಲವು ಕಾರುಗಳಲ್ಲಿ ರೇಡಾರ್ ಇರುವುದು ಗ್ರಿಲ್ ಅಥವಾ ಲೋಗೊ ಹಿಂದೆ. ರೇಡಾರ್ ಅಲೆಗಳು ಲೋಹದ ಪದರವನ್ನು ದಾಟಲಾರವು. ಅದಕ್ಕಾಗಿಯೇ ಅಂತಹ ಲೋಗೊಗಳಿಗೆ ಸಾಮಾನ್ಯ ಕ್ರೋಮ್ ಬದಲು ಇಂಡಿಯಂನಂತಹ ಲೋಹವನ್ನು ಬಿಡಿಬಿಡಿ ಸೂಕ್ಷ್ಮ ಚುಕ್ಕೆಗಳಾಗಿ ಕೂರಿಸುವ ತಂತ್ರವಿದೆ: ಕಣ್ಣಿಗೆ ಲೋಹದ ಹೊಳಪು, ಅಲೆಗಳಿಗೆ ದಾರಿ. ಅದರ ಮೇಲೆ ನೀವು ಕ್ರೋಮ್ ಗಾರ್ನಿಶ್ ಅಥವಾ ಲೋಹದ ಸ್ಟಿಕ್ಕರ್ ಅಂಟಿಸಿದರೆ ಕಾರಿನ ಕಣ್ಣು ಕಟ್ಟಿದಂತೆ. ಪಾರ್ಕಿಂಗ್ ಸೆನ್ಸರ್ ಮುಚ್ಚುವ ಬಂಪರ್ ಗಾರ್ಡ್, ಕೀ ಇಲ್ಲದೆ ಬಾಗಿಲು ತೆರೆಯುವ ಹಿಡಿಕೆಯ ಮೇಲಿನ ಕ್ರೋಮ್ ಕವರ್ ಕೂಡ ಇದೇ ರೀತಿ ತೊಂದರೆ ಕೊಡಬಹುದು.

ಸ್ಕ್ರೂ ಬೇಡ, ಟೇಪ್ ಸಾಕು: ಬಾಗಿಲಿಗೆ ತೂತು ಕೊರೆದು ಬೀಡಿಂಗ್ ಹಾಕಿದರೆ ಆ ತೂತಿನ ಅಂಚಿನಿಂದಲೇ ತುಕ್ಕು ಶುರು. ಒಳ್ಳೆಯ ಡಬಲ್ ಸೈಡ್ ಫೋಮ್ ಟೇಪ್ ಸಾಕಾಗುತ್ತದೆ. ಅಂಟಿಸುವ ಜಾಗವನ್ನು ತೊಳೆದು, ಎಣ್ಣೆ ಅಂಶ ಹೋಗುವಂತೆ ಸ್ಪಿರಿಟ್‌ನಿಂದ ಒರೆಸಿ, ಪೂರ್ತಿ ಆರಿದ ಮೇಲೆ ಗಟ್ಟಿಯಾಗಿ ಒತ್ತಬೇಕು. ಅಂಟು ಪೂರ್ತಿ ಬಲ ಪಡೆಯಲು ಸುಮಾರು 3 ದಿನ ಬೇಕು. ಅಲ್ಲಿಯವರೆಗೆ ಪ್ರೆಶರ್ ವಾಶ್ ಮಾಡಿಸಬೇಡಿ.

ಸಂದಿಯ ಕೊಳೆ: ಅಂಟಿಸಿದ ಗಾರ್ನಿಶ್‌ನ ಹಿಂದೆ ನೀರು, ಮಣ್ಣು ಸೇರಿಕೊಂಡು ಗಾಡಿಯ ಕಂಪನಕ್ಕೆ ಬಣ್ಣವನ್ನು ಸವೆಸುತ್ತದೆ. ಹೊರಗೆ ಥಳಥಳ, ಒಳಗೆ ತುಕ್ಕು. ಚಕ್ರದ ಕಮಾನಿನ ಮೇಲೆ ಹೆಚ್ಚುವರಿಯಾಗಿ ಹಾಕಿಸಿದ ಪಟ್ಟಿಗಳಲ್ಲಿ ಇದು ಹೆಚ್ಚು. ತೊಳೆಯುವಾಗ ಸಂದಿಗೆ ನೀರು ಹಾಯಿಸಿ. ಒಂದು ತುದಿ ಎದ್ದಿದ್ದರೆ ತೆಗೆದುಬಿಡುವುದೇ ಲೇಸು.

ಸ್ಟಿಕ್ಕರ್‌ಗಳ ಮಾತು

ಹಳದಿ-ಕೆಂಪು ಬಾವುಟ, ಅಪ್ಪು ಚಿತ್ರ, ಮನೆದೇವರ ಹೆಸರು ಹೀಗೆ ನಮ್ಮ ಗಾಡಿಗಳ ಮೇಲೆ ಸ್ಟಿಕ್ಕರ್‌ಗೆ ಬರವಿಲ್ಲ. ಸಾಮಾನ್ಯ ಸ್ಟಿಕ್ಕರ್ ಪಿವಿಸಿ ಹಾಳೆ. ಅದನ್ನು ಮೆತ್ತಗಿಡಲು ಬೆರೆಸಿದ ವಸ್ತು ಬಿಸಿಲಿಗೆ ಕ್ರಮೇಣ ಹೊರಹೋಗಿ ಹಾಳೆ ಕುಗ್ಗಿ, ಸೀಳಿ, ಚೂರುಚೂರಾಗುತ್ತದೆ. ತೀರಾ ಒಣಗುವ ಮೊದಲೇ ತೆಗೆಯುವುದು ಸುಲಭ: ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ, ಒಂದು ಮೂಲೆಯಿಂದ ನಿಧಾನವಾಗಿ ಎಳೆಯಿರಿ. ಬ್ಲೇಡ್ ಹಾಕಿ ಕೆರೆಯಬೇಡಿ. ತೆಗೆದ ಮೇಲೆ ಅದರ ಆಕಾರದ ನೆರಳು ಉಳಿದರೆ ಗಾಬರಿಯಾಗಬೇಡಿ. ಸುತ್ತಲಿನ ಬಣ್ಣ ಬಿಸಿಲಿಗೆ ಮಾಸಿದೆ, ಸ್ಟಿಕ್ಕರ್ ಅಡಿಯದು ಮಾಸಿಲ್ಲ, ಅಷ್ಟೆ.

ಹಾಗಾದರೆ ಮಾಡಬೇಕಾದ್ದೇನು?

• ನೆರಳು: ಸಾಧ್ಯವಾದಷ್ಟು ನೆರಳಲ್ಲಿ ನಿಲ್ಲಿಸಿ. ಖರ್ಚಿಲ್ಲದ ಉಪಾಯ ಇದೇ. ಯಾವಾಗಲೂ ಒಂದೇ ಬದಿ ಬಿಸಿಲಿಗೆ ಬೀಳುತ್ತಿದ್ದರೆ ಆಗಾಗ ದಿಕ್ಕು ಬದಲಿಸಿ ನಿಲ್ಲಿಸಿ.
• ತೊಳೆಯುವುದು: ಮೊದಲು ನೀರು ಹಾಯಿಸಿ ಮಣ್ಣು ಇಳಿಸಿ. ಆಮೇಲೆ ಕಾರ್ ಶಾಂಪೂ, ಮೈಕ್ರೊಫೈಬರ್ ಬಟ್ಟೆ. ಬಿಸಿಲಿನಲ್ಲಿ ತೊಳೆಯಬೇಡಿ, ಹಾಗೆಯೇ ಆರಲು ಬಿಡಬೇಡಿ.
• ವಾಶ್ ಸೆಂಟರ್: ತೀಕ್ಷ್ಣ ಕ್ಷಾರದ ಫೋಮ್ ಆನೊಡೈಸ್ ಅಲ್ಯುಮಿನಿಯಂ ಮೇಲೆ ಹಾಲಿನಂತಹ ಬಿಳಿ ಕಲೆ ಬಿಡುತ್ತದೆ. ಅದು ಕೊಳೆಯಲ್ಲ, ಪದರ ಕೊರೆದುಹೋದ ಗುರುತು. ರೂಫ್ ರೇಲ್ ಇರುವ ಕಾರಿಗೆ ಕ್ಷಾರವಿಲ್ಲದ ಶಾಂಪೂ ಕೇಳಿ.
• ಕ್ರೋಮ್: ಎರಡು ಮೂರು ತಿಂಗಳಿಗೊಮ್ಮೆ ಸಾಮಾನ್ಯ ಕಾರ್ ವ್ಯಾಕ್ಸ್ ತೆಳುವಾಗಿ ಹಚ್ಚಿ. ಅದು ರಂಧ್ರಗಳಿಗೆ ನೀರು ಇಳಿಯದಂತೆ ತಡೆಯುತ್ತದೆ. ಹಕ್ಕಿಯ ಹಿಕ್ಕೆಯನ್ನು ಅಂದೇ ನೆನೆಸಿ ತೆಗೆಯಿರಿ.
• ಕಪ್ಪು ಪ್ಲಾಸ್ಟಿಕ್: ಬಿಳಿ ವ್ಯಾಕ್ಸ್ ತಾಗಿಸಬೇಡಿ, ಅದರ ತರಿಗಳಲ್ಲಿ ಕೂತು ಬೆಳ್ಳಗಾಗುತ್ತದೆ. ಚೆನ್ನಾಗಿ ತೊಳೆದು ಆರಿಸಿ ‘ಟ್ರಿಮ್ ರೆಸ್ಟೋರರ್’ ಹಚ್ಚಬಹುದು. ಜಿಡ್ಡು ಜಿಡ್ಡಾಗಿ ಉಳಿಯುವ ಸಿಲಿಕೋನ್ ಬಗೆ ಕೆಲವು ವಾರ ಬರುತ್ತದೆ. ಹಚ್ಚಿದ ಮೇಲೆ ಗಟ್ಟಿಯಾಗುವ ಲೇಪನದ ಬಗೆ ದುಬಾರಿ, ಆದರೆ ತಿಂಗಳುಗಟ್ಟಲೆ ಬರುತ್ತದೆ.
• ಎಚ್ಚರ: ಸಿಲಿಕೋನ್ ಸ್ಪ್ರೇ ಮುಂದಿನ ಗಾಜಿಗೆ, ಬ್ರೇಕ್ ಡಿಸ್ಕ್‌ಗೆ, ಹತ್ತುವ ಮೆಟ್ಟಿಲಿಗೆ, ಬೈಕಿನ ಟೈರ್‌ಗೆ ತಾಗಬಾರದು. ಗಾಜಿನ ಮೇಲೆ ಬಿದ್ದರೆ ರಾತ್ರಿ ಮಳೆಯಲ್ಲಿ ವೈಪರ್ ಓಡಿದಾಗ ರಸ್ತೆಯೇ ಕಲಸಿಹೋಗುತ್ತದೆ. ಸ್ಪ್ರೇಯನ್ನು ಬಟ್ಟೆಗೆ ಹೊಡೆದು, ಆಮೇಲೆ ಒರೆಸಿ.

ರಿಪೇರಿಯೋ, ಬದಲಾವಣೆಯೋ?

ಮಂಕು, ನೀರಿನ ಚುಕ್ಕೆ, ಬೂದು ಬಣ್ಣ ಇವಕ್ಕೆ ಪರಿಹಾರ ಉಂಟು. ಗುಳ್ಳೆ ಎದ್ದ, ಸಿಪ್ಪೆ ಬಿಟ್ಟ, ಹಸಿರು ಕಿಲುಬು ಬಂದ ಕ್ರೋಮ್ ಪ್ಲಾಸ್ಟಿಕ್‌ಗೆ ಮನೆಯಲ್ಲಿ ಪರಿಹಾರವಿಲ್ಲ. ಮತ್ತೆ ಲೇಪನ ಮಾಡಿಸುವುದಕ್ಕಿಂತ ಹೊಸ ಭಾಗ ಕೊಳ್ಳುವುದು ಎಷ್ಟೋ ಸಲ ಅಗ್ಗ. ಅಥವಾ ಅದರ ಮೇಲೆ ಒಳ್ಳೆಯ ಗುಣಮಟ್ಟದ ಕಪ್ಪು ವಿನೈಲ್ ಹೊದಿಸಬಹುದು. ಉಕ್ಕಿನ ಹಳೆಯ ಬಂಪರ್ ಆದರೆ ಮಾತು ಬೇರೆ: ಅದನ್ನು ಲೇಪನದ ಕಾರ್ಖಾನೆಗೆ ಕೊಟ್ಟು ಮತ್ತೆ ಕ್ರೋಮ್ ಮಾಡಿಸಬಹುದು.

‘ಕ್ರೋಮ್‌ನಿಂದ ಕ್ಯಾನ್ಸರ್ ಬರುತ್ತದೆ, ಮುಟ್ಟಬೇಡಿ’ ಎಂಬ ಸಂದೇಶವೂ ಓಡಾಡುವುದುಂಟು. ಇದರಲ್ಲಿ ಸತ್ಯ ಮತ್ತು ಭಯ ಬೆರೆತಿವೆ. ಲೇಪನ ಮಾಡುವಾಗ ಬಳಸುವ ಷಡ್ವೇಲೆನ್ಸಿಯ ಕ್ರೋಮಿಯಂ ದ್ರಾವಣ ಕ್ಯಾನ್ಸರ್‌ಕಾರಕ. ಅಪಾಯ ಇರುವುದು ಆ ಆವಿ ಉಸಿರಾಡುವ ಕಾರ್ಮಿಕರಿಗೆ, ತ್ಯಾಜ್ಯ ನೀರು ಸೇರುವ ಕೆರೆ, ಹೊಳೆಗಳಿಗೆ. ಯುರೋಪಿನಲ್ಲಿ ಇದರ ಮೇಲೆ ಕಟ್ಟುನಿಟ್ಟಿನ ನಿಯಂತ್ರಣವಿದೆ, ಕಡಿಮೆ ಅಪಾಯದ ತ್ರಿವೇಲೆನ್ಸಿಯ ಕ್ರೋಮಿಯಂ ಬಳಸುವ ವಿಧಾನವೂ ಬಂದಿದೆ. ಸಿದ್ಧವಾದ ಗ್ರಿಲ್ ಮೇಲಿರುವುದು ಕ್ರೋಮಿಯಂ ಲೋಹ. ಕಾರು ಒರೆಸುವಾಗ ಅದನ್ನು ಮುಟ್ಟಲು ಹೆದರಬೇಕಿಲ್ಲ.

ಫಾರ್ವರ್ಡ್ ಒತ್ತುವ ಮೊದಲು

ಹೊಳಪಿನ ವಿಡಿಯೊ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ಯಾವ ವಸ್ತುವಿನ ಮೇಲೆ ಮಾಡಿದ್ದು: ಉಕ್ಕೋ, ಪ್ಲಾಸ್ಟಿಕ್ಕೋ, ಅಲ್ಯುಮಿನಿಯಂಮೋ? ಹಚ್ಚಿದ್ದು ಆಮ್ಲವೇ, ಎಣ್ಣೆಯೇ, ಉಜ್ಜುವ ಪುಡಿಯೇ? ಒಂದು ತಿಂಗಳ ನಂತರದ ಚಿತ್ರ ಇದೆಯೇ? ಮೂರಕ್ಕೂ ಉತ್ತರ ಸಿಗದಿದ್ದರೆ ಅದನ್ನು ಮುಂದೆ ಕಳಿಸಬೇಡಿ. ಕಳಿಸಲೇಬೇಕೆಂದರೆ ಈ ಎರಡು ಸಾಲು ಕಳಿಸಿ: ಟಾಯ್ಲೆಟ್ ಕ್ಲೀನರ್‌ಗೆ ಬ್ಲೀಚ್ ಬೆರೆಸಬೇಡಿ, ಕಾರಿಗೆ ಬುಲ್ ಗಾರ್ಡ್ ಹಾಕಿಸಬೇಡಿ. ಗ್ರಿಲ್ ಮಂಕಾದರೆ ಬದಲಿಸಬಹುದು, ಈ ಎರಡು ತಪ್ಪುಗಳಿಂದ ಆಗುವ ಅನಾಹುತವನ್ನು ಬದಲಿಸಲಾಗದು.